ಎಲ್ಲ ಮೂಲವ್ಯಾಧಿಗೂ ಲೇಸರ್ ಬೇಕಿಲ್ಲ

ಮಾನ್ಯರೇ,

‘ಒಂದೇ ದಿನದಲ್ಲಿ ಪೈಲ್ಸ್ ಮಾಯ, ನೋವಿಲ್ಲ, ಮತ್ತೆ ಬರುವುದಿಲ್ಲ’ ಎನ್ನುವ ಲೇಸರ್ ಜಾಹೀರಾತುಗಳು ಈಗ ಬಸ್ಸಿನ ಬೆನ್ನಿನಿಂದ ಮೊಬೈಲ್‌ವರೆಗೆ ಎಲ್ಲೆಲ್ಲೂ ಕಾಣುತ್ತವೆ. ಮೂಲವ್ಯಾಧಿ ಯಾವ ಹಂತದ್ದು ಎಂದು ಮಾತ್ರ ಅವು ಕೇಳುವುದಿಲ್ಲ. ಚಿಕಿತ್ಸೆ ನಿರ್ಧಾರವಾಗುವುದೇ ಅದರಿಂದ.

ಮೊಳೆ ಹೊರಬರದೆ ರಕ್ತ ಮಾತ್ರ ಹೋದರೆ ಒಂದನೇ ಹಂತ. ಮುಕ್ಕಿದಾಗ ಹೊರಬಂದು ತಾನಾಗಿ ಒಳಸರಿದರೆ ಎರಡು, ಬೆರಳಿನಿಂದ ತಳ್ಳಬೇಕಾದರೆ ಮೂರು, ತಳ್ಳಿದರೂ ಹೋಗದಿದ್ದರೆ ನಾಲ್ಕು. ಒಂದನೇ ಹಂತಕ್ಕೆ ಸೊಪ್ಪು, ಇಸಬ್‌ಗೋಲ್, ನೀರು ಹೆಚ್ಚಿಸಿ, ಶೌಚಾಲಯದಲ್ಲಿ ಮೊಬೈಲ್ ಹಿಡಿದು ಕೂರುವುದನ್ನು ಬಿಟ್ಟರೆ ಬಹುಪಾಲು ಸಾಕು. ರಕ್ತ ನಿಲ್ಲದಿದ್ದರೆ ಮೊಳೆಯ ಬುಡಕ್ಕೆ ಇಂಜೆಕ್ಷನ್ ಉಂಟು.

ಎರಡನೇ ಹಂತಕ್ಕೂ ಮೂರನೆಯದರಲ್ಲಿ ಹಲವರಿಗೂ ಒಗ್ಗುವುದು ರಬ್ಬರ್ ಬ್ಯಾಂಡ್. ಅರಿವಳಿಕೆ ಬೇಡ, ಹೊರರೋಗಿ ವಿಭಾಗದಲ್ಲೇ ಕೆಲವು ನಿಮಿಷದ ಕೆಲಸ. ಗುದದ್ವಾರದ ಒಳಗನ್ನು ನೋಡುವ ಕೊಳವೆಯಾದ ಪ್ರಾಕ್ಟೋಸ್ಕೋಪ್ ಇಟ್ಟು, ಮೊಳೆಯ ಮೇಲ್ಭಾಗವನ್ನು ಉಪಕರಣದೊಳಕ್ಕೆ ಹೀರಿ, ಬುಡಕ್ಕೆ ಬ್ಯಾಂಡ್ ಬಿಡುತ್ತಾರೆ. ರಕ್ತ ಸಿಗದೆ ಒಣಗಿದ ಮೊಳೆ 5ರಿಂದ 10 ದಿನಗಳಲ್ಲಿ ಉದುರುತ್ತದೆ. ಗುದದ್ವಾರದ ಚರ್ಮಕ್ಕೆ ನೋವು ತಿಳಿಯುತ್ತದೆ, ಮೇಲಿನ ಲೋಳೆಪೊರೆಗೆ ಅಷ್ಟಾಗಿ ಇಲ್ಲ. ಬ್ಯಾಂಡ್ ತೀರಾ ಕೆಳಗೆ, ಚರ್ಮದ ಭಾಗಕ್ಕೆ ಕೂತರೆ ಜೀವ ಹೋಗುವಂಥ ನೋವು; ಆಗ ಅಲ್ಲೇ ಕತ್ತರಿಸಿ ತೆಗೆಯಬೇಕು. ಒಂದೆರಡು ದಿನದ ಭಾರ, ಮುಕ್ಕಬೇಕೆನಿಸುವುದು ಸಹಜ. ಉದುರುವಾಗ ರಕ್ತಸ್ರಾವ ಹೆಚ್ಚಬಹುದಾದ್ದರಿಂದ ವಾರ್ಫರಿನ್, ಕ್ಲೋಪಿಡೋಗ್ರೆಲ್‌ನಂಥ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ನುಂಗುವವರು ಮೊದಲೇ ಹೇಳಬೇಕು. ಜ್ವರ, ಏರುತ್ತಲೇ ಹೋಗುವ ನೋವು, ಕಟ್ಟಿದ ಮೂತ್ರ ಇವು ಅಪರೂಪದ, ಆದರೆ ಪ್ರಾಣಾಂತಕ ಸೋಂಕಿನ ಸೂಚನೆ. ಬೆಳಗಾಗಲಿ ಎಂದು ಕಾಯಬಾರದು.

ಬ್ಯಾಂಡ್‌ನ ಕೊರತೆ, ಒಮ್ಮೆಗೇ ಮುಗಿಯದಿರುವುದು. ಬ್ರಿಟನ್ನಿನಲ್ಲಿ ನಡೆದು 2016ರಲ್ಲಿ ಪ್ರಕಟವಾದ ಹಬ್ಬಲ್ ಅಧ್ಯಯನದಲ್ಲಿ ವರ್ಷದೊಳಗೆ ಮರುಕಳಿಸಿದ್ದು ಬ್ಯಾಂಡ್ ಹಾಕಿದವರಲ್ಲಿ ಶೇ 49, ರಕ್ತದ ಹರಿವನ್ನು ಗುರುತಿಸುವ ಡಾಪ್ಲರ್ ಸಾಧನದಿಂದ ನೋಡಿ, ಮೊಳೆಯ ರಕ್ತನಾಳ ಕಟ್ಟಿಸಿಕೊಂಡವರಲ್ಲಿ ಶೇ 30. ಆದರೆ ಮತ್ತೊಮ್ಮೆ ಬ್ಯಾಂಡ್ ಹಾಕಿಸಿಕೊಂಡದ್ದನ್ನೂ ಮರುಕಳಿಕೆಯೆಂದೇ ಎಣಿಸಿದ್ದರು; ನೋವು ಹೆಚ್ಚಿದ್ದದ್ದು ಡಾಪ್ಲರ್ ಗುಂಪಿನಲ್ಲಿ.

ಇನ್ನು ಲೇಸರ್. ಅದು ಮೊಳೆಯನ್ನು ಒಳಗಿನಿಂದ ಸುಟ್ಟು ಕುಗ್ಗಿಸುತ್ತದೆ, ಜೋತುಬಿದ್ದ ಪೊರೆಯನ್ನು ಕತ್ತರಿಸುವುದಿಲ್ಲ. ಶಾಖ ಹೆಚ್ಚಾದರೆ ಊತ, ಹುಣ್ಣು. ಎರಡು–ಮೂರನೇ ಹಂತದಲ್ಲಿ ಅದಕ್ಕೂ ಜಾಗವಿದೆ, ನಿಜ. ನಾಲ್ಕನೆಯದಕ್ಕೆ ಸಾಮಾನ್ಯವಾಗಿ ಕತ್ತರಿಸುವ ಶಸ್ತ್ರಚಿಕಿತ್ಸೆಯೇ ಗತಿ. ಅದರ ನೋವನ್ನು ಮುಚ್ಚಿಡುವುದೂ ತಪ್ಪು.

ಪ್ಯಾಕೇಜಿಗೆ ಸಹಿ ಹಾಕುವ ಮುನ್ನ ಪ್ರಾಕ್ಟೋಸ್ಕೋಪಿ ಮಾಡಿಸಿ, ಹಂತವನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಮಲ ಹೋಗುವಾಗ ಗಾಜು ಕೊರೆದಂತಾದರೆ ಅದು ಬಹುತೇಕ ಫಿಶರ್, ಅಂದರೆ ಗುದದ್ವಾರದ ಬಿರುಕು. ಅದಕ್ಕೆ ಬ್ಯಾಂಡ್ ಹಾಕುವಂತಿಲ್ಲ. ವಯಸ್ಸು 45 ದಾಟಿ ರಕ್ತ ಹೋಗುತ್ತಿದ್ದರೆ, ತೂಕ ಇಳಿದಿದ್ದರೆ, ಮೊದಲು ಕೊಲೊನೋಸ್ಕೋಪಿ, ಅಂದರೆ ದೊಡ್ಡ ಕರುಳನ್ನು ಕ್ಯಾಮೆರಾದಿಂದ ನೋಡುವ ಪರೀಕ್ಷೆ.

– ಇಬ್ಬರು ಶಸ್ತ್ರಚಿಕಿತ್ಸಕರು, ಹುಬ್ಬಳ್ಳಿ