ಕಪ್ಪು ಮಣ್ಣಿನ ಅಡಿಯಲ್ಲಿ ಏನಿದೆ ಎಂಬುದನ್ನೂ ಬರೆಯಿರಿ

ಮಾನ್ಯ ಸಂಪಾದಕರೇ,

ಅಮೆರಿಕದ ಮುಸುಕಿನ ಜೋಳದ ಸೀಮೆಯ ಬಗ್ಗೆ ಕನ್ನಡದ ಕೃಷಿ ಪುಟಗಳಲ್ಲಿ ಬರಹ ಬಂದಾಗ ಮಣ್ಣಿನ ವಿಚಾರ ಸಾಮಾನ್ಯವಾಗಿ ಒಂದೇ ಸಾಲಿನಲ್ಲಿ ಮುಗಿದುಹೋಗುತ್ತದೆ: ಅಲ್ಲಿನದು ಕಪ್ಪು, ಫಲವತ್ತಾದ ಹುಲ್ಲುಗಾವಲು ಮಣ್ಣು. ಮಾತು ಸುಳ್ಳಲ್ಲ. ಆದರೆ ಇದನ್ನು ಓದಿದ ಗದಗದ ಅಥವಾ ಸಿಂಧನೂರಿನ ರೈತರು ತಮ್ಮ ಎರೆ ಹೊಲದಂಥದ್ದೇ ಮಣ್ಣು ಅಲ್ಲಿಯೂ ಇದೆ ಎಂದುಕೊಂಡರೆ ತಪ್ಪು ಅವರದಲ್ಲ, ಬರೆದವರದು. ಎರಡೂ ಕಡೆ ಮಣ್ಣು ಕಪ್ಪಗಿದೆ, ಎರಡೂ ಕಡೆ ನೀರು ನಿಲ್ಲುವ ಹೊಲಗಳಿವೆ, ಆದರೆ ನೀರು ನಿಲ್ಲುವ ಕಾರಣ ಪೂರಾ ಬೇರೆ. ಕಾರಣ ಬೇರೆಯಾದ ಮೇಲೆ ಪರಿಹಾರವೂ ಬೇರೆ. ಇದನ್ನು ವಿವರಿಸಲು ಒಂದೇ ಒಂದು ಮಣ್ಣನ್ನು ತೆಗೆದುಕೊಳ್ಳುತ್ತೇನೆ.

ಮಿನೆಸೋಟ ರಾಜ್ಯದ ದಕ್ಷಿಣ ಭಾಗದಲ್ಲೂ ಅದಕ್ಕೆ ತಾಗಿದ ಅಯೋವದ ಉತ್ತರ ಭಾಗದಲ್ಲೂ ಬಿಸ್ಕೇ ಎಂಬ ಮಣ್ಣಿನ ಸರಣಿ, ಅಂದರೆ ಒಂದೇ ಬಗೆಯ ಪದರಗಳಿರುವ ಮಣ್ಣುಗಳ ಗುಂಪು, ಇದೆ. ಮ್ಯಾಕ್ಲೌಡ್ ಕೌಂಟಿಯಲ್ಲಿ ಅದೇ ಹೆಸರಿನ ಪುಟ್ಟ ಊರಿದೆ. ಅಮೆರಿಕದ ಮಣ್ಣು ಸಮೀಕ್ಷೆಯಲ್ಲಿ ಸರಣಿಗಳಿಗೆ ಊರು, ಹೊಳೆಗಳ ಹೆಸರಿಡುವುದು ರೂಢಿ. ಇದು ಚಪ್ಪಟೆ ನೆಲದ ಮಣ್ಣು, ಇಳಿಜಾರು ಶೇ 2 ದಾಟುವುದಿಲ್ಲ. ಗುಂಡಿ ತೋಡಿದರೆ ಮೊದಲ 40–50 ಸೆಂ.ಮೀ. ಗಾಢ ಕಪ್ಪು ಗೋಡು (ಮರಳು, ಹೂಳು, ಜೇಡಿ ಹದವಾಗಿ ಬೆರೆತದ್ದು) ಅಥವಾ ಜೇಡಿಗೋಡು (ಜೇಡಿ ಹೆಚ್ಚಿರುವ ಗೋಡು) ಮಣ್ಣು. ಹಿಡಿದರೆ ಕಾಳುಕಾಳಾಗಿ ಒಡೆಯುತ್ತದೆ. ಅದರಡಿ ಬೂದು, ಕೆಲವೆಡೆ ಹಸಿರು ಛಾಯೆಯ ಬೂದು ಬಣ್ಣದ ಗೋಡು, ನಡುನಡುವೆ ತುಕ್ಕಿನ ಬಣ್ಣದ ಕಲೆಗಳು. ನೆಲದಿಂದ 50 ಸೆಂ.ಮೀ.ಗೂ 100 ಸೆಂ.ಮೀ.ಗೂ ನಡುವೆ ಎಲ್ಲೋ ಒಂದು ಕಡೆ ಗೋಡು ಥಟ್ಟನೆ ನಿಂತು ಜಲ್ಲಿ ಬೆರೆತ ದಪ್ಪ ಮರಳು ಶುರುವಾಗುತ್ತದೆ. ಆ ಮರಳು ಎರಡು ಮೀಟರಿಗೂ ಕೆಳಗೆ ಹೋಗುತ್ತದೆ, ಅದರಲ್ಲಿ ಸುಣ್ಣದ ಅಂಶವೂ ಇರುತ್ತದೆ.

ಈ ಎರಡು ಪದರಗಳಿಗೆ ಕಾರಣ ಹಿಮಯುಗ. ಹದಿನಾಲ್ಕು ಸಾವಿರ ವರ್ಷಕ್ಕೂ ಹಿಂದೆ ಡಿ ಮಾಯ್ನ್ ಲೋಬ್ ಎಂದು ಕರೆಯುವ ಹಿಮನಾಲಗೆ ಅಯೋವದ ಇಂದಿನ ಡಿ ಮಾಯ್ನ್ ನಗರದವರೆಗೆ ಚಾಚಿತ್ತು. ಅದು ಕರಗಿ ಹಿಂದೆ ಸರಿಯುವಾಗ ಹೊರಟ ನೀರು ಹತ್ತಾರು ಕವಲಾಗಿ ಹರಿದು ಮರಳನ್ನೂ ಜಲ್ಲಿಯನ್ನೂ ಹರಡಿತು. ನಯವಾದ ಜೇಡಿಯನ್ನು ಮಾತ್ರ ದೂರ ಹೊತ್ತೊಯ್ದಿತು. ಹರಿವು ಇಳಿದ ಮೇಲೆ ಆ ಮರಳಿನ ಮೇಲೆ ನಯವಾದ ಮಣ್ಣು ಕೂತಿತು. ಆಮೇಲಿನ ಸಾವಿರಾರು ವರ್ಷ ಅಲ್ಲಿ ಆಳೆತ್ತರದ ಹುಲ್ಲು ಬೆಳೆಯಿತು: ಪ್ರೇರೀ ಕಾರ್ಡ್‌ಗ್ರಾಸ್, ಬ್ಲೂಜಾಯಿಂಟ್, ನಮ್ಮ ಜೇಕಿನ ಬಳಗದ ಜವುಳು ಸಸ್ಯಗಳು. ಈ ಹುಲ್ಲಿನ ಬೇರು ವರ್ಷವರ್ಷವೂ ಮಣ್ಣಿನೊಳಗೇ ಸತ್ತು ಸೇರುತ್ತಿತ್ತು. ನೀರು ನಿಂತು ಗಾಳಿ ಆಡದ್ದರಿಂದಲೂ ಚಳಿಗಾಲ ದೀರ್ಘವಾದ್ದರಿಂದಲೂ ಅದು ಪೂರ್ತಿ ಕೊಳೆಯಲಿಲ್ಲ. ಅಲ್ಲಿನ ಕಪ್ಪು ಬಣ್ಣ ಬಂದದ್ದು ಹೀಗೆ, ಸಾವಯವ ಪದಾರ್ಥದಿಂದ. ನಮ್ಮ ಎರೆ ಭೂಮಿ ಕಪ್ಪಗಿದ್ದರೂ ಅದರಲ್ಲಿ ಸಾವಯವ ಇಂಗಾಲ ಬಹುಪಾಲು ಶೇ 1ಕ್ಕಿಂತ ಕಡಿಮೆ ಎಂಬುದನ್ನು ಇಲ್ಲಿಯೇ ನೆನಪಿಡಬೇಕು.

ಕೆಳಗೆ ಮರಳಿದ್ದರೂ ಮೇಲೆ ನೀರು ನಿಲ್ಲುವುದೇಕೆ? ಈ ಮಣ್ಣಿನ ಬಗ್ಗೆ ಬರೆಯುವ ಯಾರೂ ಈ ಪ್ರಶ್ನೆಯನ್ನು ದಾಟಿ ಹೋಗಬಾರದು. ಮರಳಿನಲ್ಲಿ ನೀರು ಸರಾಗವಾಗಿ ಹರಿಯುತ್ತದೆ, ನಿಜ. ಆದರೆ ಹರಿದು ಹೋಗಲು ಎಡೆ ಬೇಕು. ಬಿಸ್ಕೇ ಮಣ್ಣು ಇರುವುದು ಮರಳು ಬಯಲಿನ ತಗ್ಗಿನಲ್ಲಿ. ಹಿಮ ಕರಗುವ ಕಾಲಕ್ಕೆ ಆ ಮರಳೇ ನೀರಿನಿಂದ ತುಂಬಿರುತ್ತದೆ, ಏಪ್ರಿಲ್‌ನಿಂದ ಜೂನ್‌ವರೆಗೆ ಅಂತರ್ಜಲ ನೆಲದಿಂದ ಒಂದು ಗೇಣಿನಷ್ಟು ಹತ್ತಿರ ಬರುತ್ತದೆ. ಮಳೆನೀರು ಮೇಲಿನಿಂದ ಇಳಿಯಲಾಗದೆ ನಿಂತದ್ದಲ್ಲ, ಕೆಳಗಿನ ನೀರು ಮೇಲಕ್ಕೆ ಏರಿ ನಿಂತದ್ದು. ಅದೇ ಬಯಲಿನಲ್ಲಿ, ಅದೇ ಮರಳಿನ ಮೇಲೆ, ತುಸು ಎತ್ತರದ ಜಾಗದಲ್ಲಿರುವ ವಡೀನಾ ಮಣ್ಣು ಚೆನ್ನಾಗಿ ಬಸಿಯುತ್ತದೆ. ಇನ್ನೂ ದಿಬ್ಬದ ಮೇಲಿನ ಎಸ್ಟರ್‌ವಿಲ್ ಮಣ್ಣಿನಲ್ಲಿ ಮರಳು ಬಹಳ ಮೇಲೆಯೇ ಸಿಗುವುದರಿಂದ ಎರಡು ವಾರ ಮಳೆ ತಪ್ಪಿದರೆ ಬೆಳೆ ಬಾಡುತ್ತದೆ. ಒಂದೇ ಹೊಲದಲ್ಲಿ ಈ ಮೂರೂ ಸಿಗಬಹುದು.

ಬೇಸಿಗೆಯಲ್ಲಿ ಅಂತರ್ಜಲ ಮರಳಿನೊಳಕ್ಕೆ ಇಳಿದಾಗ ಇನ್ನೊಂದು ಸಂಗತಿ ನಡೆಯುತ್ತದೆ. ಗೋಡಿನ ಸಣ್ಣ ರಂಧ್ರಗಳು ನೀರನ್ನು ಬಿಗಿಯಾಗಿ ಹಿಡಿದಿರುತ್ತವೆ. ಮರಳಿನ ದೊಡ್ಡ ರಂಧ್ರಗಳಿಗೆ ಅದನ್ನು ಎಳೆದುಕೊಳ್ಳುವ ಶಕ್ತಿಯಿಲ್ಲ. ಗೋಡು ಹೆಚ್ಚುಕಡಿಮೆ ಪೂರ್ತಿ ನೆನೆಯುವ ತನಕ ನೀರು ಮರಳಿಗೆ ಇಳಿಯುವುದೇ ಇಲ್ಲ. ಹೂಕುಂಡದ ತಳಕ್ಕೆ ಜಲ್ಲಿ ಹಾಕಿದರೆ ಮಣ್ಣು ಬೇಗ ಬಸಿಯುತ್ತದೆ ಎಂಬ ನಂಬಿಕೆ ಸುಳ್ಳಾಗುವುದೂ ಇದೇ ಕಾರಣಕ್ಕೆ. ಇದರಿಂದ ಗೋಡು ಪದರಕ್ಕೆ ಒಂದಿಷ್ಟು ಹೆಚ್ಚುವರಿ ತೇವ ಉಳಿಯುತ್ತದೆ. ಲೆಕ್ಕ ಹೀಗೆ: 75 ಸೆಂ.ಮೀ. ಗೋಡು ಬೆಳೆಗೆ ಒದಗಿಸಬಲ್ಲ ನೀರು ಸುಮಾರು 130–150 ಮಿ.ಮೀ.; ಅಷ್ಟೇ ದಪ್ಪದ ಜಲ್ಲಿಮರಳು ಕೊಡುವುದು 20–30 ಮಿ.ಮೀ. ಮಾತ್ರ. ತೆನೆ ಕಟ್ಟುವ ಹೊತ್ತಿಗೆ ಮುಸುಕಿನ ಜೋಳ ದಿನಕ್ಕೆ 6–8 ಮಿ.ಮೀ. ಕುಡಿಯುತ್ತದೆ. ವಸಂತದಲ್ಲಿ ಜವುಳಾಗುವ ಹೊಲವೇ ಆಗಸ್ಟ್‌ನಲ್ಲಿ ಒಣಗಿ ಬೆಳೆ ಬಾಡಿಸಬಲ್ಲದು ಎಂಬುದು ಬರೀ 'ಫಲವತ್ತಾದ ಕಪ್ಪು ಮಣ್ಣು' ಎಂದು ಬರೆದಾಗ ಓದುಗರಿಗೆ ಹೇಗೆ ತಿಳಿಯಬೇಕು?

ಇಂಥ ಮಣ್ಣನ್ನು ಹೊಲದಲ್ಲಿ ಗುರುತಿಸುವ ಕ್ರಮವೂ ನಿಖರವಾಗಿದೆ. ಬೈರಿಗೆಯಿಂದ 150 ಸೆಂ.ಮೀ.ವರೆಗೆ ಕೊರೆದು, ತೆಗೆದ ಮಣ್ಣನ್ನು ಆಳದ ಕ್ರಮದಲ್ಲೇ ಸಾಲಾಗಿ ಜೋಡಿಸಬೇಕು. ತೇವ ಮಾಡಿ ಹೆಬ್ಬೆರಳು ತೋರುಬೆರಳ ನಡುವೆ ಪಟ್ಟಿ ಒತ್ತಿದರೆ, 2.5 ಸೆಂ.ಮೀ.ಗೆ ಮೊದಲೇ ಮುರಿದದ್ದು ಗೋಡು, 2.5ರಿಂದ 5 ಸೆಂ.ಮೀ. ನಿಂತದ್ದು ಜೇಡಿಗೋಡು. ಬಣ್ಣವನ್ನು ತೇವದ ಹೆಂಟೆಯಲ್ಲೇ, ಮಣ್ಣಿನ ಬಣ್ಣದ ಮಾದರಿಗಳಿರುವ ಮನ್ಸೆಲ್ ಪುಸ್ತಕಕ್ಕೆ ಹಿಡಿದು ನೋಡಬೇಕು. ಒಣ ಮಣ್ಣಿನಲ್ಲಿ ನೋಡಿದರೆ ಬಣ್ಣ ಒಂದೆರಡು ಮೆಟ್ಟಿಲು ತಿಳಿಯಾಗಿ ಕಂಡು ವರ್ಗೀಕರಣವೇ ತಪ್ಪುತ್ತದೆ. ನೀರು ತುಂಬಿ ಗಾಳಿ ಆಡದಾಗ ಮಣ್ಣಿನ ಸೂಕ್ಷ್ಮಜೀವಿಗಳು ಮೊದಲು ಆಮ್ಲಜನಕವನ್ನು, ನಂತರ ನೈಟ್ರೇಟನ್ನು, ಆಮೇಲೆ ಮ್ಯಾಂಗನೀಸ್ ಮತ್ತು ಕಬ್ಬಿಣವನ್ನು ಬಳಸಿಕೊಳ್ಳುತ್ತವೆ. ಕಬ್ಬಿಣ ಕರಗಿ ಹೋದಲ್ಲಿ ಮಣ್ಣು ಬೂದಾಗುತ್ತದೆ. ಬೇರಿನ ಕೊಳವೆಯಲ್ಲಿ ಗಾಳಿ ಸಿಕ್ಕ ಕಡೆ ಅದೇ ಕಬ್ಬಿಣ ತುಕ್ಕಾಗಿ ಕೂರುತ್ತದೆ. ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದ ಹನಿ ಬಿಟ್ಟು ನೊರೆ ಯಾವ ಆಳದಿಂದ ಬರುತ್ತದೆ ಎಂದು ಬರೆದಿಡುವುದೂ ಮುಖ್ಯ. ನೊರೆ ಮೇಲ್ಪದರದಲ್ಲೇ ಬಂದರೆ ಅದು ಬಿಸ್ಕೇ ಅಲ್ಲ, ಅದರ ನೆರೆಯ ಮೇಯರ್ ಮಣ್ಣು. ಅಲ್ಲಿ ಸೋಯಾ ಅವರೆಯ ಎಲೆ ಕಬ್ಬಿಣದ ಕೊರತೆಯಿಂದ ಹಳದಿಯಾಗುತ್ತದೆ, ತಳಿಯನ್ನೇ ಬೇರೆ ಆರಿಸಬೇಕು.

ಈ ಕೆಲಸದಲ್ಲಿ ಹೆಚ್ಚಾಗಿ ಆಗುವ ತಪ್ಪು ಆಗಸ್ಟ್‌ನಲ್ಲಿ ಕೊರೆದು, ನೀರು ಕಾಣಲಿಲ್ಲವೆಂದು ಚೆನ್ನಾಗಿ ಬಸಿಯುವ ಮಣ್ಣು ಎಂದು ಬರೆಯುವುದು. ನೀರು ಕಂಡಿತೋ ಇಲ್ಲವೋ ಎಂಬುದಕ್ಕಿಂತ ಬೂದು ಬಣ್ಣ ಯಾವ ಆಳದಲ್ಲಿ ಶುರುವಾಯಿತು ಎಂಬುದೇ ಗಟ್ಟಿ ಸಾಕ್ಷಿ. ಇನ್ನೊಂದು ತಪ್ಪು ಇದಕ್ಕೆ ವಿರುದ್ಧವಾದದ್ದು: ಬೂದು ಬಣ್ಣ ಕಂಡೊಡನೆ ಹೊಲ ಇವತ್ತಿಗೂ ಜವುಳು ಎಂದುಕೊಳ್ಳುವುದು. ಹೊಲಕ್ಕೆ ಬಸಿಕೊಳವೆ (ನೆಲದಡಿ ಹೂಳಿ ಹೆಚ್ಚಿನ ನೀರು ಹೊರಹಾಕುವ ಕೊಳವೆ) ಹಾಕಿ ಹಲವು ದಶಕ ಕಳೆದರೂ ಬೂದು ಬಣ್ಣ ಹಾಗೆಯೇ ಉಳಿದಿರುತ್ತದೆ. ಸಮೀಕ್ಷೆಯ ಪುಸ್ತಕ 'ಕಳಪೆಯಾಗಿ ಬಸಿಯುವ ಮಣ್ಣು' ಎಂದರೆ ಅದು ನೆಲದ ಸಹಜ ಸ್ವಭಾವದ ಮಾತು, ಇವತ್ತಿನ ಸ್ಥಿತಿಯ ಮಾತಲ್ಲ. ಮರಳಿನಲ್ಲಿ ನೀರಿದ್ದಾಗ ಬೈರಿಗೆಯಿಂದ ಮಣ್ಣು ಜಾರಿ ಬೀಳುತ್ತದೆ, ಕೊರೆದ ತೂತೂ ಕುಸಿಯುತ್ತದೆ. ಆ ಕುಸಿತವನ್ನೂ ಆಳದ ಸಮೇತ ಬರೆದಿಡಬೇಕು, ಏಕೆಂದರೆ ಕೊಳವೆ ಹೂಳುವವರಿಗೆ ಎಲ್ಲಕ್ಕಿಂತ ಮೊದಲು ಬೇಕಾಗುವ ಮಾಹಿತಿಯೇ ಅದು.

ಅಲ್ಲಿ ಇಂಥ ಭೂಮಿ ಹದಕ್ಕೆ ಬರುವುದು ಬಸಿಕೊಳವೆಗಳಿಂದ. ಮೊದಲು ಸುಟ್ಟ ಮಣ್ಣಿನ ಕೊಳವೆ ಬಳಸುತ್ತಿದ್ದರು, ಈಗ 100 ಮಿ.ಮೀ. ವ್ಯಾಸದ, ಸುಕ್ಕುಸುಕ್ಕಾದ, ಸಣ್ಣ ರಂಧ್ರಗಳ ಪ್ಲಾಸ್ಟಿಕ್ ಕೊಳವೆ. ಆಳ ಸಾಮಾನ್ಯವಾಗಿ 90–120 ಸೆಂ.ಮೀ. ದಿನಕ್ಕೆ ಸುಮಾರು 10 ಮಿ.ಮೀ. ನೀರು ಹೊರಹಾಕಬೇಕು ಎಂದು ಲೆಕ್ಕ ಹಾಕುತ್ತಾರೆ. ಅಂದರೆ ಹೆಕ್ಟೇರಿಗೆ ಸೆಕೆಂಡಿಗೆ 1.16 ಲೀಟರ್. ಕೆಲಸ ಯಾವಾಗಲೂ ನೀರು ಹೊರಬೀಳುವ ತುದಿಯಿಂದ ಮೇಲಕ್ಕೆ ಸಾಗಬೇಕು, ಅಂತರ್ಜಲ ಕೆಳಗಿರುವ ಶರತ್ಕಾಲದಲ್ಲಿ ನಡೆಯಬೇಕು. ವಸಂತದಲ್ಲಿ ತೋಡಿದರೆ ನೀರು ತುಂಬಿದ ಮರಳು ಕಾಲುವೆಯೊಳಕ್ಕೆ ಹರಿದು ಬಂದು ಕೊಳವೆಯ ಇಳಿಜಾರನ್ನೇ ಕೆಡಿಸುತ್ತದೆ. ಒಂದು ಕಡೆ ತಗ್ಗಾಗಿ ಕೂತರೂ ಸಾಕು, ಅಲ್ಲಿ ಹೂಳು ತುಂಬಿ ಮೇಲಿನ ಸಾಲೆಲ್ಲ ನಿಷ್ಪ್ರಯೋಜಕ. ನಯ ಮರಳು ಒಳನುಗ್ಗುವ ಕಡೆ ಕೊಳವೆಗೆ ಹೆಣೆದ ಬಟ್ಟೆಯ ಚೀಲ ತೊಡಿಸುತ್ತಾರೆ. ಹೂಳು ತೊಳೆದುಹೋಗಲು ನೀರಿನ ವೇಗ ಸೆಕೆಂಡಿಗೆ 0.43 ಮೀಟರಿಗಿಂತ ಕಡಿಮೆಯಾಗದಂತೆ ಇಳಿಜಾರು ಕೊಡುತ್ತಾರೆ.

ಆದರೆ ಕಬ್ಬಿಣ ಹೆಚ್ಚಿದ್ದಲ್ಲಿ ಅದೇ ಬಟ್ಟೆಯ ಚೀಲ ಶತ್ರುವಾಗುತ್ತದೆ. ಕರಗಿದ ಕಬ್ಬಿಣ ಕೊಳವೆಯ ಬಾಯಲ್ಲಿ ಗಾಳಿ ಕಂಡೊಡನೆ ಬ್ಯಾಕ್ಟೀರಿಯಾಗಳ ನೆರವಿನಿಂದ ಕೆಂಪು ಲೋಳೆಯಾಗಿ ಕಟ್ಟಿ, ಬಟ್ಟೆಯ ರಂಧ್ರಗಳನ್ನೆಲ್ಲ ಮುಚ್ಚಿಬಿಡುತ್ತದೆ. ಹೊಲದ ಪಕ್ಕದ ಬಸಿಗಾಲುವೆ ನೀರಿನ ಮೇಲೆ ಎಣ್ಣೆಯಂಥ ಪೊರೆ ಕಂಡರೆ ಕಡ್ಡಿಯಿಂದ ಕದಡಿ ನೋಡಿ: ಚೂರುಚೂರಾಗಿ ಒಡೆದು ಹಾಗೆಯೇ ಉಳಿದರೆ ಅದು ಕಬ್ಬಿಣದ ಪೊರೆ, ಮತ್ತೆ ಕೂಡಿಕೊಂಡರೆ ನಿಜವಾದ ಎಣ್ಣೆ. ಕಬ್ಬಿಣವಿದ್ದಲ್ಲಿ ಕೊಳವೆಯ ಹೊರತುದಿಯನ್ನು ನೀರಿನಲ್ಲಿ ಮುಳುಗಿಸಿಡುವುದು, ಆಗಾಗ ಒತ್ತಡದ ನೀರಿನಿಂದ ತೊಳೆಯುವುದು ಬಿಟ್ಟರೆ ದೊಡ್ಡ ಉಪಾಯಗಳಿಲ್ಲ.

ಬಸಿದ ನೀರು ಬರಿಗೈಯಲ್ಲಿ ಹೋಗುವುದಿಲ್ಲ. ಜವುಳಾಗಿದ್ದಾಗ ನೈಟ್ರೇಟಿನ ಒಂದು ಭಾಗ ಸಾರಜನಕ ಅನಿಲವಾಗಿ ಗಾಳಿಗೆ ಸೇರುತ್ತಿತ್ತು. ಬಸಿದ ಮೇಲೆ ಅದು ಕೊಳವೆಯಲ್ಲಿ ಹೊಳೆಗೂ ಮರಳಿನ ಮೂಲಕ ಬಾವಿಗಳಿಗೂ ಹೋಗುತ್ತದೆ. ಹೊಳೆ ಸೇರಿದ್ದು ಮಿಸಿಸಿಪ್ಪಿ ಮೂಲಕ ಮೆಕ್ಸಿಕೊ ಕೊಲ್ಲಿ ತಲುಪಿ ಅಲ್ಲಿನ ನೀರಿನ ಆಮ್ಲಜನಕ ಕುಂದಿಸುತ್ತದೆ. ಕುಡಿಯುವ ನೀರಿಗೆ ಅಮೆರಿಕದ ಮಿತಿ ಲೀಟರಿಗೆ 10 ಮಿ.ಗ್ರಾಂ. ನೈಟ್ರೇಟ್-ಸಾರಜನಕ, ಭಾರತದ ಮಾನಕದಲ್ಲಿ 45 ಮಿ.ಗ್ರಾಂ. ನೈಟ್ರೇಟ್. ಅಳೆಯುವ ರೀತಿ ಬೇರೆ, ಮಿತಿ ಹೆಚ್ಚುಕಡಿಮೆ ಒಂದೇ. ಮಿನೆಸೋಟದಲ್ಲಿ ಮರಳು ಹೆಚ್ಚಿರುವಂಥ ಸೂಕ್ಷ್ಮ ಪ್ರದೇಶಗಳಲ್ಲಿ ಕೊಯ್ಲಾದ ಮೇಲೆ ಶರತ್ಕಾಲದಲ್ಲಿ ಸಾರಜನಕ ಗೊಬ್ಬರ ಹಾಕುವುದಕ್ಕೆ 2020ರಿಂದ ನಿರ್ಬಂಧವಿದೆ. ಇದು ಸರಿಯಾದ ಕ್ರಮ ಎಂದೇ ನನ್ನ ಅಭಿಪ್ರಾಯ: ಆಗ ಹಾಕಿದ್ದು ಬೆಳೆ ಮೊಳೆಯುವ ಮೊದಲೇ ಹಿಮದ ನೀರಿನೊಡನೆ ಇಳಿದುಹೋಗುತ್ತದೆ. ಬಿತ್ತುವಾಗ ಸ್ವಲ್ಪ, ಆರೆಂಟು ಎಲೆ ಬಂದ ಮೇಲೆ ಉಳಿದದ್ದು ಕೊಡುವುದು ಒಳ್ಳೆಯದು. ನೈಟ್ರೇಟ್ ಹೊರಹೋಗುವುದನ್ನು ತಗ್ಗಿಸಲು ಚಪ್ಪಟೆ ಹೊಲಗಳಲ್ಲಿ ಕೊಳವೆಯ ತುದಿಗೆ ಹಲಗೆ ಇಟ್ಟು ತೆಗೆಯುವ ಪೆಟ್ಟಿಗೆ ಕೂರಿಸಿ, ಕೊಯ್ಲಿನ ನಂತರ ನೀರಿನ ಮಟ್ಟ ಏರಿಸಿ, ಬಿತ್ತನೆಗೆ ಎರಡು ವಾರ ಮೊದಲು ಇಳಿಸುವುದೂ ಉಂಟು. ಹೊಸದಾಗಿ ಜವುಳು ಬಸಿಯುವವರಿಗೆ ಕಾನೂನಿನ ತಡೆಯೂ ಇದೆ. 1985ರ ಡಿಸೆಂಬರ್ 23ರ ನಂತರ ಬೆಳೆಗಾಗಿ ಜೌಗುಭೂಮಿ ಬಸಿದವರು ಕೇಂದ್ರ ಸರ್ಕಾರದ ಕೃಷಿ ಸೌಲಭ್ಯ ಕಳೆದುಕೊಳ್ಳುತ್ತಾರೆ.

ಆ ಸೀಮೆಯಲ್ಲಿ ಮನೆ ಕೊಳ್ಳುವ ನಮ್ಮವರಿಗೂ ಒಂದು ಮಾತು. ಒಳಚರಂಡಿ ಇಲ್ಲದ ಕಡೆ ಶೌಚದ ನೀರು ಇಂಗಿಸುವ ಹಾಸಿನ ತಳಕ್ಕೂ ನೀರು ಏರುವ ಮಟ್ಟಕ್ಕೂ ನಡುವೆ ಮಿನೆಸೋಟದ ನಿಯಮದಂತೆ ಮೂರು ಅಡಿ ಒಣ ಮಣ್ಣು ಇರಬೇಕು. ಬಿಸ್ಕೇಯಂಥ ಮಣ್ಣಿನಲ್ಲಿ ಅದು ಸಿಗುವುದಿಲ್ಲ. ಮರಳು ಸುರಿದು ದಿಬ್ಬ ಕಟ್ಟಬೇಕಾಗುತ್ತದೆ, ನೆಲಮಾಳಿಗೆಗೆ ಪಂಪ್ ಬೇಕಾಗುತ್ತದೆ. ಕೊಳ್ಳುವ ಮೊದಲೇ ಅಮೆರಿಕ ಕೃಷಿ ಇಲಾಖೆಯ ವೆಬ್ ಸಾಯಿಲ್ ಸರ್ವೆಯಲ್ಲಿ ವಿಳಾಸ ಹಾಕಿ ನೋಡಿ, ಉಚಿತ. ಆದರೆ ಅದು ನಿವೇಶನದ ಅಳತೆಯ ನಕ್ಷೆಯಲ್ಲ, ಜಾಗದಲ್ಲೇ ಕೊರೆಸಿ ಖಚಿತಪಡಿಸಿಕೊಳ್ಳಿ.

ಈಗ ತುಂಗಭದ್ರಾ ಅಚ್ಚುಕಟ್ಟಿನ ಸವಳು-ಜವಳು ಭೂಮಿಗೆ ಬನ್ನಿ. ಅಲ್ಲಿನ ಎರೆ ಮಣ್ಣಿನಲ್ಲಿ ಉಬ್ಬುವ ಜೇಡಿ ತುಂಬಿದೆ. ನೆನೆದು ಉಬ್ಬಿದ ಮೇಲೆ ನೀರು ಅದರೊಳಗೆ ಇಳಿಯುವುದೇ ಕಷ್ಟ. ಕಾಲುವೆಯ ಸೋರಿಕೆ, ಭತ್ತಕ್ಕೆ ಕಟ್ಟಿದ ನೀರು ಸೇರಿ ಮಟ್ಟ ಏರಿದಾಗ ಜೊತೆಗೆ ಉಪ್ಪೂ ಮೇಲೆ ಬರುತ್ತದೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ಇಲ್ಲಿ ಭೂಗತ ಬಸಿಗಾಲುವೆಗಳ ಬಗ್ಗೆ ಕೆಲಸ ಮಾಡಿದೆ, ರೈತರು ಅಳತೆ ಕೇಳಬೇಕಾದದ್ದು ಅಲ್ಲಿ. ಮಿನೆಸೋಟದ ಮರಳಿಗೆ ಹೊಂದುವ ಕೊಳವೆ ಅಂತರವನ್ನು ಎರೆಗೆ ತಂದರೆ ಎರಡು ಸಾಲುಗಳ ನಡುವಿನ ಹೊಲ ಜವುಳಾಗಿಯೇ ಉಳಿಯುತ್ತದೆ.

ನಮ್ಮ ಮಣ್ಣು ಆರೋಗ್ಯ ಚೀಟಿ 12 ಅಂಶಗಳನ್ನು ಹೇಳುತ್ತದೆ, ಆದರೆ ಮಾದರಿ ಸಾಮಾನ್ಯವಾಗಿ ಮೇಲಿನ 15 ಸೆಂ.ಮೀ.ನದು. ನೀರು ಎಲ್ಲಿದೆ ಎಂಬುದನ್ನು ರೈತರೇ ನೋಡಿಕೊಳ್ಳಬಹುದು. 50 ಮಿ.ಮೀ. ಪಿವಿಸಿ ಕೊಳವೆ ಎರಡು ಮೀಟರ್ ತನ್ನಿ. ಕೆಳಗಿನ ಒಂದೂವರೆ ಮೀಟರಿಗೆ ತೂತು ಕೊರೆದು ನೈಲಾನ್ ಬಲೆ ಸುತ್ತಿ. ಬೈರಿಗೆಯ ತೂತಿನಲ್ಲಿ ನಿಲ್ಲಿಸಿ ಸುತ್ತಲೂ ದಪ್ಪ ಮರಳು ತುಂಬಿ. ನೆಲಮಟ್ಟದಲ್ಲಿ ಒಂದು ಗೇಣು ಜೇಡಿ ಬಡಿದು, ಮಳೆನೀರು ಕೊಳವೆಯ ಪಕ್ಕದಿಂದ ಇಳಿಯದಂತೆ ಮಾಡಿ, ಬಾಯಿಗೆ ಮುಚ್ಚಳ ಹಾಕಿ. ಎರೆಯಲ್ಲಿ ಒಳಗಿನ ನೀರು ಸರಿಯಾದ ಮಟ್ಟಕ್ಕೆ ಬರಲು ಕೆಲವು ದಿನ ಬೇಕು, ಕೊರೆದ ದಿನದ ಅಳತೆ ನಂಬಬೇಡಿ. ನಂತರ ಹದಿನೈದು ದಿನಕ್ಕೊಮ್ಮೆ, ಕಾಲುವೆಗೆ ನೀರು ಬಿಡುವ ಮೊದಲೂ ಆಮೇಲೂ, ಅಳೆದು ತಾರೀಖಿನೊಂದಿಗೆ ಬರೆದಿಡಿ.

ಇಂತಿ,
ಮಣ್ಣು ಸಮೀಕ್ಷೆಯ ವಿಷಯದಲ್ಲಿ ಆಸಕ್ತಿಯುಳ್ಳ ನಿಮ್ಮ ಓದುಗ