ಲೇ ಬಕೆಟ್, ನಿನಗೊಂದು ಪತ್ರ

ಲೇ ಬಕೆಟ್,

ಮೆಸೇಜಿಗೆ ಉತ್ತರ ಕೊಡುವ ಅಭ್ಯಾಸ ನಿನಗಿಲ್ಲ. ಅದಕ್ಕೇ ಊರೆಲ್ಲ ಓದುವ ಹಾಗೆ ಬರೀತಿದ್ದೇನೆ. ಹೆದರಬೇಡ, ವಾರ್ಡನ್ ಚಪ್ಪಲಿ ವಿಷಯ ಎತ್ತಲ್ಲ.

ನಾನು ದಿನಾ ರೈಲು ಬದಲಾಯಿಸುವುದು ಲಂಡನ್ನಿನ ಕಿಂಗ್ಸ್ ಕ್ರಾಸ್‌ನಲ್ಲಿ. ಐರಿಶ್ ಜಾನಪದಕ್ಕೆ ಪಂಕ್ ಅನ್ನೋ ಅಬ್ಬರದ ರಾಕ್ ಸಂಗೀತ ಬೆರೆಸಿ ಹಾಡುವ ಪೋಗ್ಸ್ ತಂಡ ಹುಟ್ಟಿದ್ದು ಇದೇ ಕೇರಿಯಲ್ಲಿ, 1982ರಲ್ಲಿ. ಗೊತ್ತಾಗಿದ್ದು ಮೊನ್ನೆ ಮೊನ್ನೆ. ಮೊದಲು ಅವರ ಹೆಸರು ಪೋಗ್ ಮಹೋನ್ ಅಂತಿತ್ತು. ಐರಿಶ್ ಭಾಷೆಯಲ್ಲಿ ಅದರ ಅರ್ಥ ಮರ್ಯಾದಸ್ಥರ ಮುಂದೆ ಹೇಳುವಂಥದ್ದಲ್ಲ. ಅಂಡಿಗೆ ಮುತ್ತಿಡು ಅಂತ. ಹೇಳಿಬಿಟ್ಟೆ ನೋಡು.

ಒಂದು ವಾರದಿಂದ ಅವರ ಹಾಡುಗಳನ್ನೇ ಕೇಳ್ತಿದ್ದೇನೆ. ಬ್ಯಾಂಜೊ, ಅಕಾರ್ಡಿಯನ್, ಆರು ತೂತಿನ ತಗಡಿನ ಕೊಳಲು. ರೀಲ್, ಜಿಗ್ ಅಂತ ಐರಿಶ್ ಕುಣಿತದ ಮಟ್ಟುಗಳಿವೆಯಲ್ಲ, ಅವು ಮೊದಲೇ ಏದುಸಿರು ಬಿಡಿಸುವಂಥವು. ಅದರ ಬೆನ್ನಿಗೆ ಪಂಕ್ ಡ್ರಮ್ ಬಿದ್ದರೆ ಕೇಳಬೇಕೇ? ಡ್ರಮ್ಮಿನವನು ನಿಂತುಕೊಂಡೇ ಬಾರಿಸುತ್ತಿದ್ದ. ಕೊಳಲಿನ ಸ್ಪೈಡರ್ ಸ್ಟೇಸಿ ಬಿಯರ್ ಟ್ರೇ ತಗೊಂಡು ತನ್ನ ತಲೆಗೇ ಬಡಿದುಕೊಳ್ಳುತ್ತಿದ್ದ. ಅದೂ ತಾಳಕ್ಕೆ ಸರಿಯಾಗಿ! ಟ್ರೇ ನೋಡಿದ ಕೂಡಲೇ ನೀನು ನೆನಪಾದೆ. ಹಾಸ್ಟೆಲ್ ಬಚ್ಚಲು, ಬೋರಲು ಹಾಕಿದ ನೀಲಿ ಬಕೆಟ್, ಶರೀಫರ ಪದ, ರಾತ್ರಿ ಹನ್ನೊಂದು ಗಂಟೆ.

ಆವತ್ತು ನಾನಂದಿದ್ದು ನೆನಪಿದೆಯಾ? "ಮೈಸೂರಿನವನು ನೀನು, ನಿನಗೇನು ಗೊತ್ತು ತತ್ವಪದ? ಅದು ನಮ್ಮ ಶಿಗ್ಗಾಂವಿ ಕಡೆಯದ್ದು, ಹಾಳು ಮಾಡಬೇಡ." ನೀನು ಏನೂ ಅನ್ನಲಿಲ್ಲ. ಬಕೆಟ್ ನೆಟ್ಟಗೆ ಮಾಡಿ ನಲ್ಲಿ ಕೆಳಗಿಟ್ಟೆ.

ಪೋಗ್ಸ್‌ಗೂ ಹೀಗೇ ಬೈದವರಿದ್ದರು, ಸಂಪ್ರದಾಯದ ವಾದ್ಯದವರು. ಶುರುವಿನ ತಂಡದಲ್ಲಿ ಹೆಚ್ಚಿನವರು ಇಂಗ್ಲಿಷರೇ ಬೇರೆ. ಹಾಡುವ ಶೇನ್ ಮೆಕ್‌ಗೋವನ್ ಕೂಡ ಹುಟ್ಟಿದ್ದು ಇಂಗ್ಲೆಂಡಿನ ಕೆಂಟ್‌ನಲ್ಲಿ, ಅಪ್ಪ ಅಮ್ಮ ಐರಿಶ್. ಆದರೆ ಚಿಕ್ಕಂದಿನಲ್ಲಿ ಐರ್ಲೆಂಡಿನ ಟಿಪ್ಪರರಿಯಲ್ಲಿ, ತಾಯಿಯ ತವರಿನಲ್ಲಿ, ಆ ಹಾಡುಗಳ ನಡುವೆ ಬೆಳೆದಿದ್ದ. ಆಮೇಲೆ ಲಂಡನ್ನಿನಲ್ಲಿ ಪಂಕ್ ಹಿಂದೆ ಬಿದ್ದ. ಕೊನೆಗೆ 1987ರಲ್ಲಿ ಐರಿಶ್ ಜಾನಪದದ ಹಿರಿಯರಾದ ಡಬ್ಲಿನರ್ಸ್ ತಂಡದವರೇ ಬಂದು ಇವರ ಜೊತೆ ಹಾಡಿದರು. ಹಿರಿಯರಿಗೆ ಇಲ್ಲದ ಮಡಿ ನನಗ್ಯಾಕಿತ್ತೋ!

ಶೇನ್ ತೀರಿಕೊಂಡಿದ್ದು 2023ರ ನವೆಂಬರ್ 30ಕ್ಕೆ. ಟಿಪ್ಪರರಿಯ ನೀನಾ ಊರಿನ ಚರ್ಚಿನಲ್ಲಿ ಕೊನೆಯ ಪ್ರಾರ್ಥನೆ. ಆ ವಿಡಿಯೊ ನೋಡು. ಅವನದೇ ಕ್ರಿಸ್‌ಮಸ್ ಹಾಡು ಶುರುವಾಗುತ್ತದೆ, ಶವಪೆಟ್ಟಿಗೆ ಅಲ್ಲೇ ಇದೆ, ಮನೆಯವರೇ ಎದ್ದು ಕುಣಿಯುತ್ತಾರೆ. ನಾನು ಮೂರು ಸಲ ನೋಡಿದೆ. ನಾಲ್ಕನೇ ಸಲ ಆಗಲಿಲ್ಲ.

ಅವ್ವ ಹೋದಾಗ ನೀನೂ ಬಂದಿದ್ದೆಯಲ್ಲ. ರಾತ್ರಿಯೆಲ್ಲ ಭಜನೆ. ಏಕತಾರಿ, ದಮ್ಮಡಿ, ತಾಳ. ಅವ್ವ ರೊಟ್ಟಿ ಬಡಿಯುತ್ತ ಹಾಡುತ್ತಿದ್ದ ಪದವನ್ನೇ ಎತ್ತಿಕೊಂಡರು. ನನಗೆ ಎರಡನೇ ಸಾಲಿಗೇ ನಿಂತುಹೋಯಿತು. ಮುಂದೆ ಬರಲೇ ಇಲ್ಲ. ದುಃಖಕ್ಕೆ ಗಂಟಲು ಕಟ್ಟಿದೆ ಅಂತ ಎಲ್ಲರೂ ಅಂದುಕೊಂಡರು, ನಾನೂ ಹಾಗೇ ಅಂದುಕೊಳ್ಳಲಿ ಅಂತ ಬಿಟ್ಟೆ. ಸುಮ್ನೆ ಬಾಯಿ ಆಡಿಸುತ್ತಿದ್ದೆ ಕಣೋ. ಮೂಲೆಯಲ್ಲಿ ನೀನು ಕೂತಿದ್ದೆ, ತೊಡೆ ಮೇಲೆ ಬೆರಳಲ್ಲಿ ತಾಳ. ನಿನ್ನ ತುಟಿ ನೋಡಿದೆ. ಒಂದು ಶಬ್ದ ತಪ್ಪಲಿಲ್ಲ.

ಬಚ್ಚಲಿನಲ್ಲೂ ಅಷ್ಟೇ ಅಲ್ವಾ? ನಿನಗೆ ಪದ ಪೂರ್ತಿ ಬರುತ್ತಿತ್ತು, ಅದಕ್ಕೇ ಬಕೆಟ್ ಬಡಿದೆ. ನನಗೆ ಬರುತ್ತಿರಲಿಲ್ಲ, ಅದಕ್ಕೇ ಕಾವಲಿಗೆ ನಿಂತೆ. ಅವ್ವ ಇದ್ದಾಗ ಕೇಳಿ ಕಲಿಯುವುದಕ್ಕೆ ಇಪ್ಪತ್ತು ವರ್ಷ ಟೈಮಿತ್ತು. ನಾನು ಬಾಗಿಲು ಕಾಯ್ತಿದ್ದೆ.

ಸಾಕು, ಜಾಸ್ತಿ ಆಯ್ತು. ಓದುತ್ತಿರುವ ಉಳಿದವರು ದಯವಿಟ್ಟು ಕೈ ಮುಗಿಯುವ ಚಿತ್ರ ಕಳಿಸಬೇಡಿ, ಈಗಷ್ಟೇ ಈರುಳ್ಳಿ ಹೆಚ್ಚಿದ್ದೇನೆ.

ಡಿಸೆಂಬರಿನಲ್ಲಿ ಊರಿಗೆ ಬರ್ತೀನಿ. ನೀಲಿ ಬಕೆಟ್ ಹುಡುಕಿಡು. ಆ ಪದ ಮೂರನೇ ಸಾಲಿನಿಂದ ಹೇಳಿಕೊಡು, ಮೊದಲೆರಡು ಗೊತ್ತು. ಟ್ರೇ ನಾನು ತರ್ತೀನಿ. ತಲೆ ಮಾತ್ರ ನಿಂದು.

ನಿನ್ನ,
ಅದೇ ಕಾವಲುಗಾರ