ಒಂಬತ್ತನೇ ನಂಬರಿಗೆ ಹತ್ತಕ್ಕೆ ಎರಡು

ಮಾಟುಂಗಾ, ಮುಂಬಯಿ
ಭಾನುವಾರ ರಾತ್ರಿ

ಪ್ರೀತಿಯ ಪುಟ್ಟನಿಗೆ,

ನಿನ್ನ ನೀಲಿ ನೋಟ್‌ಬುಕ್ ನಮ್ಮ ಮನೆಯ ಟೀಪಾಯಿ ಮೇಲೆ ಉಳಿದುಬಿಟ್ಟಿದೆ. ಮನೆಯೆಲ್ಲಾ ಹುಡುಕಬೇಡ. ತೆರೆದು ಓದಬಾರದಿತ್ತು, ಓದಿದೆ. ಅಕೌಂಟ್ಸ್ ನೋಟ್ಸ್ ಇರಬೇಕು ಅಂದುಕೊಂಡಿದ್ದೆ. ನೋಡಿದರೆ ನಿಮ್ಮ ಕಾಲೇಜಿನ ಹುಡುಗಿಯರ ಬ್ಯಾಸ್ಕೆಟ್‌ಬಾಲ್ ಟೀಮಿಗೆ ನೀನೂ ನಿನ್ನ ಇಬ್ಬರು ಗೆಳೆಯರೂ ಸೇರಿ ಹಾಕಿರುವ ಮಾರ್ಕ್ಸು! ನಾಲ್ಕನೇ ನಂಬರಿಗೆ ಹತ್ತಕ್ಕೆ ಎಂಟು, ಪಕ್ಕದಲ್ಲಿ 'ನಮ್ಮ ಕೇಟ್ಲಿನ್ ಕ್ಲಾರ್ಕ್'. ಹನ್ನೊಂದಕ್ಕೆ ಮೂರು, 'ಕೈಗೆ ಬೆಣ್ಣೆ ಹಚ್ಕೊಂಡು ಬರ್ತಾಳೆ, ಹೆದರುಪುಕ್ಕಲಿ'. ಒಂಬತ್ತಕ್ಕೆ ಎರಡು. ಪಕ್ಕದಲ್ಲಿ ಒಂದೇ ಪದ, 'ಕಂಬ'.

ಮೊದಲು ನಕ್ಕೆ, ಸುಳ್ಳು ಯಾಕೆ ಹೇಳಲಿ. ಬೆಣ್ಣೆಯ ಮಾತು ಚೆನ್ನಾಗಿದೆ. ಆಮೇಲೆ ನೋಟ್‌ಬುಕ್ ಮುಚ್ಚಿಟ್ಟು ಸುಮ್ನೆ ಕೂತೆ.

ಟೀಕೆ ಮಾಡಬೇಡ ಅಂತ ಹೇಳಲು ಈ ಪತ್ರ ಬರೆಯುತ್ತಿಲ್ಲ. ಐದಕ್ಕೆ ಐದೂ ಮ್ಯಾಚ್ ಸೋತ ಟೀಮಿನ ಆಟ ನೋಡಲು ಬಿಸಿಲಲ್ಲಿ ಹೋಗಿ ಕೂರುವವರು ನೀವು ಮೂವರೇ. ಅಷ್ಟು ಮಾಡಿದವರು ನಾಲ್ಕು ಮಾತು ಆಡಿದರೆ ತಪ್ಪಿಲ್ಲ. ನನ್ನ ತಕರಾರು ಬೇರೆ. ನೀವು ಬರೀ ಚೆಂಡು ನೋಡಿ ಮಾರ್ಕ್ಸ್ ಹಾಕಿದ್ದೀರಿ.

ನಲವತ್ತು ನಿಮಿಷದ ಆಟ. ಕೋರ್ಟಿನಲ್ಲಿ ಎರಡೂ ಕಡೆಯವರು ಸೇರಿ ಹತ್ತು ಜನ. ಚೆಂಡು ಒಂದೇ. ಸಮವಾಗಿ ಹಂಚಿದರೂ ಒಬ್ಬಳ ಕೈಯಲ್ಲಿ ಅದು ಇರುವುದು ನಾಲ್ಕು ನಿಮಿಷ. ಉಳಿದ ಮೂವತ್ತಾರು ನಿಮಿಷ ಅವಳು ಏನು ಮಾಡುತ್ತಿದ್ದಳು? ನಿನ್ನ ನೋಟ್‌ಬುಕ್ಕಿನಲ್ಲಿ ಅದಕ್ಕೆ ಕಾಲಮ್ಮೇ ಇಲ್ಲ. ಮೈಸೂರು ಅಸೋಸಿಯೇಷನ್ನಿನಲ್ಲಿ ನಾಟಕ ನೋಡಿ ಬಂದ ದಿನ ನಟರನ್ನು ಬಿಟ್ಟು ಲೈಟಿಂಗ್ ಬಗ್ಗೆ ಅರ್ಧ ಗಂಟೆ ಮಾತಾಡಿದವನು ನೀನೇ ಅಲ್ವಾ? ಆ ಕಣ್ಣು ಕೋರ್ಟಿನ ಹತ್ತಿರ ಯಾಕೆ ಮುಚ್ಚಿಕೊಳ್ಳುತ್ತದೆ?

ಶುಕ್ರವಾರದ ಮ್ಯಾಚಿಗೆ ನಾನೂ ಬಂದಿದ್ದೆ. ನಿನಗೆ ಹೇಳಲಿಲ್ಲ. ಅತ್ತೆ ಬಂದಿದ್ದಾರೆ ಅಂತ ಗೊತ್ತಾದರೆ ನೀನು ತಕ್ಷಣ ಒಳ್ಳೆ ಹುಡುಗನಾಗಿಬಿಡುತ್ತೀಯ. ನೀರಿನ ಟ್ಯಾಂಕಿನ ಪಕ್ಕದ ಕಟ್ಟೆಯ ಮೇಲೆ ಕೂತೆ. ಎರಡನೇ ಕ್ವಾರ್ಟರಿನ ಹತ್ತು ನಿಮಿಷ ಪೂರ್ತಿ ಒಂಬತ್ತನೇ ನಂಬರನ್ನು ಬಿಟ್ಟು ಬೇರೆ ಯಾರನ್ನೂ ನೋಡಲಿಲ್ಲ. ಕಷ್ಟ ಕಣೋ ಅದು. ಕಣ್ಣು ತಾನಾಗಿ ಚೆಂಡಿನ ಹಿಂದೆ ಓಡುತ್ತದೆ, ಎಳೆದು ತರಬೇಕು.

ಎದುರಿನವರು ಶಾಟ್ ಹೊಡೆದ ತಕ್ಷಣ ಎಲ್ಲರ ತಲೆ ಮೇಲೆ. ಒಂಬತ್ತನೆಯವಳ ತಲೆ ಮಾತ್ರ ಪಕ್ಕಕ್ಕೆ. ಆ ಕಡೆಯ ಎತ್ತರದ ಹುಡುಗಿ ಎಲ್ಲಿದ್ದಾಳೆ ಅಂತ ಹುಡುಕುತ್ತಾಳೆ. ಹೋಗಿ ಅವಳಿಗೆ ಬೆನ್ನು ಕೊಟ್ಟು, ಮೊಣಕಾಲು ಬಗ್ಗಿಸಿ, ಕೈ ಅಗಲಿಸಿ ನಿಲ್ಲುತ್ತಾಳೆ. ತುಂಬಿದ ವಿರಾರ್ ಲೋಕಲ್ಲಿನ ಬಾಗಿಲಲ್ಲಿ ಹಿಂದಿನಿಂದ ನೂಕುವವರನ್ನು ತಡೆದು ನಿಲ್ಲುತ್ತೇವಲ್ಲ, ಹಾಗೆ. ಬಾಕ್ಸ್ ಔಟ್ ಅನ್ನುವುದು ಅದಕ್ಕೇ. ಚೆಂಡು ರಿಂಗಿಗೆ ಬಡಿದು ಕೆಳಗೆ ಬಿದ್ದಾಗ ಅಲ್ಲಿ ಯಾರೂ ಇಲ್ಲ. ನಿಮ್ಮ ನಾಲ್ಕನೇ ನಂಬರ್ ಆರಾಮಾಗಿ ಬಂದು ಎತ್ತಿಕೊಳ್ಳುತ್ತಾಳೆ. ಸ್ಕೋರ್ ಶೀಟಿನಲ್ಲಿ ರಿಬೌಂಡ್ ನಾಲ್ಕನೆಯವಳ ಹೆಸರಿಗೆ. ನೀವು ಚಪ್ಪಾಳೆ ಹೊಡೆದದ್ದೂ ಅವಳಿಗೇ.

ಮೂರನೇ ಕ್ವಾರ್ಟರಿನಲ್ಲಿ ನಾಲ್ಕು ಫೌಲ್ ಆಯಿತು ಅಂತ ಒಂಬತ್ತನೆಯವಳನ್ನು ಹೊರಗೆ ಕೂರಿಸಿದರು. ಐದಾದರೆ ಆಟವೇ ಮುಗಿಯಿತಲ್ಲ. ಅಲ್ಲಿಯವರೆಗೆ ಆರು ಪಾಯಿಂಟ್ ಅಂತರ ಇತ್ತು. ಅವಳು ಬೆಂಚಿನ ಮೇಲಿದ್ದಷ್ಟು ಹೊತ್ತೂ ಆ ಎತ್ತರದ ಹುಡುಗಿಯನ್ನು ಕೇಳುವವರೇ ಇಲ್ಲ. ತಪ್ಪಿದ ಚೆಂಡನ್ನೆಲ್ಲಾ ತಾನೇ ಹಿಡಿದು ಮತ್ತೆ ಮತ್ತೆ ಹಾಕಿದಳು. ಅಂತರ ಹದಿನೇಳಕ್ಕೆ ಹೋಯಿತು. ಆಗ ನೀನು ಎದ್ದು ನಿಂತು ನಾಲ್ಕನೆಯವಳಿಗೆ 'ಇನ್ನೂ ಹೊಡಿ' ಅಂತ ಕೂಗುತ್ತಿದ್ದೆ. ಕೇಳಿಸಿತು.

ಇನ್ನು 'ಕಂಬ' ಅಂದದ್ದು. ಸರಿಯಾಗೇ ಬರೆದಿದ್ದೀಯ, ಆದರೆ ಏನು ಬರೆದೆ ಅಂತ ನಿನಗೇ ಗೊತ್ತಿಲ್ಲ. ಸ್ಕ್ರೀನ್ ಹಾಕುವವಳು ಕಂಬವೇ ಆಗಬೇಕು. ನಾಲ್ಕನೆಯವಳನ್ನು ಬೆನ್ನಟ್ಟಿ ಬರುವವಳು ಇವಳ ಭುಜಕ್ಕೆ ಬಂದು ಬಡಿಯಬೇಕು, ಅಷ್ಟರಲ್ಲಿ ನಾಲ್ಕನೆಯವಳಿಗೆ ಶಾಟ್ ಹೊಡೆಯಲು ಜಾಗ ಸಿಗಬೇಕು. ಬಡಿಯುವ ಹೊತ್ತಿಗೆ ಇವಳು ಅಲುಗಾಡಿದರೆ ರೆಫರಿ ಫೌಲ್ ಊದುತ್ತಾರೆ. ಶುಕ್ರವಾರ ನಾಲ್ಕನೆಯವಳು ಹೊಡೆದ ಬ್ಯಾಸ್ಕೆಟ್ಟುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಈ ಕಂಬದ ಹಿಂದಿನಿಂದ ಬಂದವು.

ಹನ್ನೊಂದನೆಯವಳು ಚೆಂಡು ಕಳೆದುಕೊಳ್ಳುತ್ತಾಳೆ, ನಿಜ. ಯಾವಾಗ ಕಳೆದುಕೊಳ್ಳುತ್ತಾಳೆ ನೋಡಿದೆಯಾ? ಎದುರಿನವರು ಇಬ್ಬರು ಸೇರಿ ಅವಳನ್ನು ಸೈಡ್ ಲೈನಿಗೆ ಒತ್ತುತ್ತಾರೆ. ಎಂಟು ಸೆಕೆಂಡಿನಲ್ಲಿ ಅರ್ಧ ಕೋರ್ಟ್ ದಾಟಬೇಕು. ಇಬ್ಬರು ಇವಳ ಮೇಲಿದ್ದಾರೆ ಅಂದರೆ ನಿಮ್ಮವರಲ್ಲಿ ಒಬ್ಬಳು ಎಲ್ಲೋ ಖಾಲಿ ಇರಲೇಬೇಕು. ಅವಳು ಓಡಿ ಬಂದು ಪಾಸ್ ಕೇಳಬೇಕು. ಯಾರೂ ಬರುತ್ತಿಲ್ಲ. ನಾಲ್ಕನೆಯವಳಂತೂ ಆಗಲೇ ಆ ಕಡೆಯ ರಿಂಗಿನ ಕೆಳಗೆ ಕೈ ಎತ್ತಿಕೊಂಡು ನಿಂತಿರುತ್ತಾಳೆ. ಹನ್ನೊಂದನೆಯವಳದೂ ತಪ್ಪಿದೆ, ಒತ್ತಡ ಬಂದರೆ ಆಟಕ್ಕೆ ಬೆನ್ನು ತಿರುಗಿಸಿಬಿಡುತ್ತಾಳೆ. ಅದನ್ನು ಬರಿ. 'ಹೆದರುಪುಕ್ಕಲಿ' ಅಂತ ಬರೆದರೆ ಅವಳು ಏನು ಮಾಡಬೇಕು? 'ಬೆನ್ನು ತಿರುಗಿಸುತ್ತಾಳೆ' ಅಂದರೆ ನಾಳೆ ಬೆಳಿಗ್ಗೆಯ ಪ್ರಾಕ್ಟೀಸಿನಲ್ಲೇ ತಿದ್ದಿಕೊಳ್ಳಬಹುದು.

ಕ್ಲಾರ್ಕ್ ಹೆಸರು ನೀನೇ ಎತ್ತಿದ್ದರಿಂದ ಹೇಳುತ್ತೇನೆ. ಅಮೆರಿಕದ ಕಾಲೇಜು ಆಟದಲ್ಲಿ 3,951 ಪಾಯಿಂಟ್ ಹೊಡೆದವಳು, ಅಲ್ಲಿನ ಗಂಡು ಹುಡುಗರ ದಾಖಲೆಯನ್ನೂ ದಾಟಿದವಳು. 2024ರ ಫೈನಲ್ಲಿನಲ್ಲಿ ಒಬ್ಬಳೇ 30 ಹೊಡೆದಳು, ಅದರಲ್ಲಿ 18 ಮೊದಲ ಕ್ವಾರ್ಟರಿನಲ್ಲೇ. ಆದರೂ ಅವಳ ಅಯೋವಾ 87-75ರಲ್ಲಿ ಸೌತ್ ಕ್ಯಾರೊಲಿನಾಗೆ ಸೋತಿತು. ಗೆದ್ದವರ ಬೆಂಚಿನಿಂದ ಎದ್ದು ಬಂದವರು 37 ಪಾಯಿಂಟ್ ತಂದರು. ಅಯೋವಾದ ಬೆಂಚಿನಿಂದ ಬಂದದ್ದು ಸೊನ್ನೆ. ಆ ಸೀಸನ್ನಿನಲ್ಲಿ ಸೌತ್ ಕ್ಯಾರೊಲಿನಾ 38 ಮ್ಯಾಚ್ ಆಡಿ 38ನ್ನೂ ಗೆದ್ದಿತ್ತು. ನಿಮ್ಮ ಟೀಮಿನಲ್ಲಿ ಇರುವುದೇ ಎಂಟು ಜನ. ಮಳೆಗಾಲ ಪೂರ್ತಿ ನಿಮ್ಮ ಸಿಮೆಂಟ್ ಕೋರ್ಟಿನ ಮೇಲೆ ಪಾಚಿ. ಆಮೇಲೆ ಪರೀಕ್ಷೆ. ಬೆಂಚಿನ ಮೇಲೆ ಕೂತ ಮೂವರಲ್ಲಿ ಒಬ್ಬಳು ಕಾಲಿಗೆ ಕ್ರೇಪ್ ಬ್ಯಾಂಡೇಜ್ ಸುತ್ತಿಕೊಂಡಿದ್ದಳು. ಇಷ್ಟು ಇಟ್ಟುಕೊಂಡು ಒಬ್ಬ ಕ್ಲಾರ್ಕ್ ಸಿಕ್ಕಿದರೂ ನಿಮ್ಮ ಅಂಕಿ ಎಷ್ಟು ಬದಲಾಗುತ್ತಿತ್ತೋ ಗೊತ್ತಿಲ್ಲ.

ನನ್ನ ಕತೆಯನ್ನೂ ಹೇಳಿಬಿಡುತ್ತೇನೆ. ನಿನ್ನ ಅಪ್ಪನಿಗೆ ಗೊತ್ತು, ನಿನಗೆ ಹೇಳಿರಲಿಕ್ಕಿಲ್ಲ. 1977. ಆಗ ಇಪ್ಪತ್ತು ನಿಮಿಷದ ಎರಡು ಹಾಫ್. ಮೂರು ಪಾಯಿಂಟಿನ ಗೆರೆ ಇರಲಿಲ್ಲ, ಅದು ನಮ್ಮ ನಿಯಮಕ್ಕೆ ಬಂದದ್ದು 1984ರಲ್ಲಿ. ಹುಡುಗಿಯರಿಗೆ ಅಂತ ಸಣ್ಣ ಚೆಂಡೂ ಇರಲಿಲ್ಲ, ಗಂಡಸರ ಚೆಂಡಿನಲ್ಲೇ ಆಡುತ್ತಿದ್ದೆವು. ಒಂದು ಪಾಯಿಂಟ್ ಹಿಂದಿದ್ದೆವು, ಕೆಲವೇ ಸೆಕೆಂಡ್ ಉಳಿದಿತ್ತು, ನನಗೆ ಎರಡು ಫ್ರೀ ಥ್ರೋ. ಎರಡೂ ತಪ್ಪಿದವು. ಜನರ ನಡುವಿನಿಂದ ಒಂದು ದನಿ, ಅದೂ ಅಚ್ಚ ಕನ್ನಡದಲ್ಲಿ: "ಇವಳ ಕೈಗೆ ಲಟ್ಟಣಿಗೆ ಕೊಡ್ರೋ!" ಸುತ್ತ ನಾಲ್ಕು ಜನ ನಕ್ಕರು. ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಬೈದಿದ್ದರೆ ಇಷ್ಟು ತಾಗುತ್ತಿರಲಿಲ್ಲವೇನೋ. ಆ ಮ್ಯಾಚಿನ ಸ್ಕೋರ್ ಮರೆತಿದ್ದೇನೆ, ಆ ದನಿ ಮರೆತಿಲ್ಲ. ನೀನು 'ಕನ್ನಡದಲ್ಲಿ ಬರೆದಿದ್ದೀನಿ, ಕಾಲೇಜಿನಲ್ಲಿ ಯಾರಿಗೂ ಅರ್ಥ ಆಗಲ್ಲ' ಅಂತ ಮೊದಲ ಪುಟದಲ್ಲೇ ಹಾಕಿಕೊಂಡಿದ್ದೀಯ. ಮುಂಬಯಿಯಲ್ಲಿ ಕನ್ನಡ ಯಾರಿಗೆ ಗೊತ್ತಿದೆ, ಯಾರಿಗಿಲ್ಲ ಅಂತ ಮುಖ ನೋಡಿ ಹೇಳಲಾಗುವುದಿಲ್ಲ ಮಗೂ.

ಆ ಎರಡೂ ಶಾಟ್ ರಿಂಗಿನ ಮುಂದಿನ ಅಂಚಿಗೆ ಬಡಿದಿದ್ದವು. ಯಾಕೆ ಅಂತ ಎಷ್ಟೋ ವರ್ಷ ಆದ ಮೇಲೆ ಒಬ್ಬ ಹಳೇ ಕೋಚ್ ಹೇಳಿದರು. ಶಾಟಿಗೆ ಬಲ ಬರುವುದು ಕಾಲಿನಿಂದ. ಕಾಲು ಸೋತಾಗ ಚೆಂಡು ಮುಂಚೆಯೇ ಬೀಳುತ್ತದೆ. ಆ ದಿನ ನಾನು ಒಂದು ನಿಮಿಷವೂ ಕೂರದೆ ಪೂರ್ತಿ ಆಡಿದ್ದೆ. ಲಟ್ಟಣಿಗೆಯವನು ಅದನ್ನು ಎಣಿಸಿರಲಿಲ್ಲ. ಶುಕ್ರವಾರ ಕೊನೆಯ ಕ್ವಾರ್ಟರಿನಲ್ಲಿ ಒಂಬತ್ತನೆಯವಳು ತಪ್ಪಿಸಿದ ಮೂರು ಶಾಟ್ ಎಲ್ಲಿ ಬಡಿದವು, ನೆನಪಿದೆಯಾ? ಮುಂದಿನ ಅಂಚಿಗೇ. ಮ್ಯಾಚ್ ಮುಗಿದ ಮೇಲೆ ನಲ್ಲಿಯ ಹತ್ತಿರ ಸಿಕ್ಕಳು, ಕೊಡೆ ಹಿಡಿದ ಮುದುಕಿಗೆ ದಾರಿ ಬಿಟ್ಟಳು. ಮಾತಾಡಿಸಿದೆ. ಮನೆ ಡೊಂಬಿವಲಿಯಂತೆ. ಆರೂವರೆ ಪ್ರಾಕ್ಟೀಸಿಗೆ ಎಷ್ಟು ಗಂಟೆಗೆ ಏಳಬೇಕು, ನೀನೇ ಲೆಕ್ಕ ಹಾಕು.

ಎಲ್ಲರಿಗೂ ಮಾರ್ಕ್ಸ್ ಜಾಸ್ತಿ ಮಾಡು ಅಂತಲ್ಲ. ಏಳನೇ ನಂಬರಿಗೆ ನೀನು ಆರು ಕೊಟ್ಟಿದ್ದೀಯ. ನಾನಾಗಿದ್ದರೆ ಮೂರು. ಅವಳು ಸುಸ್ತಾಗಿಲ್ಲ, ಸೋಮಾರಿ. ಎದುರಿನವಳು ಪಕ್ಕದಲ್ಲೇ ನುಗ್ಗಿ ಹೋದರೂ ಕೈ ಮಾತ್ರ ಚಾಚುತ್ತಾಳೆ, ಕಾಲು ಕದಲುವುದಿಲ್ಲ. ನಾಲ್ಕನೆಯವಳು ಶಾಟ್ ತಪ್ಪಿದಾಗ ಸೊಂಟಕ್ಕೆ ಕೈ ಇಟ್ಟು ನಿಲ್ಲುತ್ತಾಳೆ. ಅಷ್ಟರಲ್ಲಿ ಎದುರಿನವರು ಐದು ಜನ, ನಿಮ್ಮವರು ನಾಲ್ಕು. ಎಂಟರಿಂದ ಎರಡು ಕಳೆ.

ಒಂದು ತಮಾಷೆ ಹೇಳಿ ಮುಗಿಸುತ್ತೇನೆ, ನಿದ್ದೆ ಬರುತ್ತಿದೆ. ಹುಡುಗಿಯರ ಎರಡು ಕಾಲೇಜು ಟೀಮುಗಳ ನಡುವೆ ಮೊದಲ ಮ್ಯಾಚ್ ಆದದ್ದು 1896ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. ಸ್ಟ್ಯಾನ್‌ಫರ್ಡ್ ಮತ್ತು ಬರ್ಕ್ಲಿ. ಸ್ಟ್ಯಾನ್‌ಫರ್ಡ್ ಗೆದ್ದಿತು. ಸ್ಕೋರ್ ಎಷ್ಟು ಗೊತ್ತಾ? 2-1. ಅವರಿಗೆ ನೀನು ಹತ್ತಕ್ಕೆ ಎಷ್ಟು ಹಾಕುತ್ತಿದ್ದೆಯೋ! ಅದಿರಲಿ, ಗಂಡಸರನ್ನು ಆ ದಿನ ನೋಡಲು ಒಳಗೇ ಬಿಟ್ಟಿರಲಿಲ್ಲ.

ಗುರುವಾರ ಮತ್ತೆ ಮ್ಯಾಚ್ ಇದೆಯಂತೆ. ಅದಕ್ಕೆ ಮುಂಚೆ ಬಂದು ನೋಟ್‌ಬುಕ್ ತೆಗೆದುಕೊಂಡು ಹೋಗು. ಬುಧವಾರ ಬಂದರೆ ಪತ್ರೊಡೆ ಇರುತ್ತದೆ. ಕೊನೆಯ ಪುಟದಲ್ಲಿ ಪೆನ್ಸಿಲ್ಲಿನಿಂದ ನಾಲ್ಕು ಕಾಲಮ್ ಎಳೆದಿದ್ದೇನೆ: ಸ್ಕ್ರೀನ್, ಬಾಕ್ಸ್ ಔಟ್, ವಾಪಸ್ ಓಡಿದ್ದು, ಪಾಸಿಗೆ ಬಂದದ್ದು. ಒಬ್ಬೊಬ್ಬರು ಒಬ್ಬೊಬ್ಬಳನ್ನೇ ನೋಡಿ. ಹನ್ನೊಂದನೆಯವಳು ನನಗಿರಲಿ.

ನಿನ್ನ ಅತ್ತೆ